ಫ್ಯೂಸ್ ಎಲ್ಲಿ ಬರೆಯಬೇಕು: ಸೋರ್ಸ್ ಕೋಡಿನಲ್ಲೋ, ಪ್ರೋಗ್ರಾಮರ್ ಕಿಟಕಿಯಲ್ಲೋ?

"ಸ್ವಾಮಿ, ಬೋರ್‌ವೆಲ್‌ನಲ್ಲಿ ನೀರಿಲ್ಲ, ಮೋಟಾರು ಮಾತ್ರ ಓಡುತ್ತಲೇ ಇದೆ" ಎಂದು ದೇವನಹಳ್ಳಿ ಕಡೆಯ ರೈತರೊಬ್ಬರು ಫೋನ್ ಮಾಡಿದಾಗ ನಾನು ಪೀಣ್ಯದ ಶೆಡ್ಡಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ನೀರು ಬತ್ತಿದರೆ ಮೂವತ್ತು ಸೆಕೆಂಡಿನಲ್ಲಿ ಮೋಟಾರನ್ನು ನಿಲ್ಲಿಸುವ ಸಣ್ಣ ಬೋರ್ಡು ನಮ್ಮದು. "ನಿಲ್ಲುವುದೇ ಇಲ್ಲವೇ?" ಎಂದು ಕೇಳಿದೆ. "ನಿಲ್ಲುತ್ತದೆ, ನಾಲ್ಕು ನಿಮಿಷ ಆದ ಮೇಲೆ" ಎಂದರು. ನಾಲ್ಕು ನಿಮಿಷವೆಂದರೆ 240 ಸೆಕೆಂಡು, ಮೂವತ್ತರ ಎಂಟು ಪಟ್ಟು. ಎಂಟು ಎಂಬ ಸಂಖ್ಯೆ ಹೊಳೆದೊಡನೆ ತುತ್ತು ಕೈಯಲ್ಲೇ ಉಳಿಯಿತು.

ಆ ಬೋರ್ಡಿನಲ್ಲಿರುವುದು ಎಟಿಮೆಗಾ328ಪಿ ಚಿಪ್. ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುವಂತೆ ಹೊಂದಿಸಿ ಅದನ್ನು ಕಾರ್ಖಾನೆಯಿಂದ ಕಳಿಸುತ್ತಾರೆ. ಈ ಭಾಗಾಕಾರವನ್ನು ತೆಗೆಯುವುದು ಒಂದೇ ಒಂದು ಫ್ಯೂಸ್ ಬಿಟ್, ಅಂದರೆ ಪ್ರೋಗ್ರಾಮಿನ ಹೊರಗೆ ಚಿಪ್ಪಿನಲ್ಲೇ ಬರೆದಿಡುವ ಒಂದು ಹೊಂದಿಕೆ. ಹಿಂದಿನ ವಾರವಷ್ಟೇ ಪ್ರೋಗ್ರಾಮಿಂಗ್ ಮೇಜಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿ ಫ್ಯೂಸ್ ಪುಟದ ಟಿಕ್ ಗುರುತುಗಳು ಯಾವ ಕಾಲದಿಂದಲೋ ಹಾಗೇ ಉಳಿದಿದ್ದವು, ಹೊಸದರಲ್ಲಿ ಯಾರೂ ಆ ಪುಟ ತೆರೆಯಲಿಲ್ಲ. ಗುಂಡಿ ಒತ್ತಿದ ಹುಡುಗಿಯ ತಪ್ಪೇನೂ ಇರಲಿಲ್ಲ. ಫ್ಯೂಸಿನ ಮೂರು ಸಂಖ್ಯೆಗಳನ್ನು ಒಂದು ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ಬಿಟ್ಟು ಬೇರೆಲ್ಲೂ ಬರೆದಿಡದವನು ನಾನೇ. ನಲವತ್ತು ಬೋರ್ಡುಗಳನ್ನು ವಾಪಸ್ ತರಿಸಬೇಕಾಯಿತು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರೋಗ್ರಾಂ ಸರಿಯಾಗಿ ಓಡಲು ಯಾವ ಬಿಟ್ ಬೇಕೋ ಅದು ಸೋರ್ಸ್ ಕೋಡಿನಲ್ಲೇ ಇರಬೇಕು. ಬೀಗ ಹಾಕುವ, ಒಮ್ಮೆ ಸುಟ್ಟರೆ ಮರಳಿ ಬಾರದ ಬಿಟ್‌ಗಳು ಸೋರ್ಸ್‌ನಲ್ಲಿ ಇರಬಾರದು. ಪ್ರೋಗ್ರಾಮರ್ (ಚಿಪ್ಪಿಗೆ ಪ್ರೋಗ್ರಾಂ ಇಳಿಸುವ ಸಾಧನ) ತಂತ್ರಾಂಶದ ಕಿಟಕಿ ಇರುವುದು ಓದಿ ನೋಡುವುದಕ್ಕೆ.

ಈ ಬಿಟ್‌ಗಳು ಎಲ್ಲಿರುತ್ತವೆ

ಚಿಪ್‌ಗೆ ವಿದ್ಯುತ್ ಬಂದ ಕ್ಷಣದಲ್ಲಿ, ನಿಮ್ಮ ಪ್ರೋಗ್ರಾಮಿನ ಮೊದಲ ಸೂಚನೆ ಓಡುವುದಕ್ಕೂ ಮುನ್ನ, ಕೆಲವು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ಗಡಿಯಾರ ಎಲ್ಲಿಂದ ಬರುತ್ತದೆ? ವೋಲ್ಟೇಜ್ ಎಷ್ಟಕ್ಕೆ ಕುಸಿದರೆ ರೀಸೆಟ್ ಆಗಬೇಕು? ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಎಚ್ಚರವಿರಬೇಕೇ? ರೀಸೆಟ್ ಪಿನ್ ರೀಸೆಟ್ ಆಗಿಯೇ ಇರಬೇಕೇ? ಪ್ರೋಗ್ರಾಂ ಇನ್ನೂ ಶುರುವಾಗಿಲ್ಲದ ಕಾರಣ ಪ್ರೋಗ್ರಾಂ ಇವಕ್ಕೆ ಉತ್ತರ ಕೊಡಲಾರದು. ಹಾಗಾಗಿ ಉತ್ತರಗಳು ಪ್ರೋಗ್ರಾಂ ಮೆಮೊರಿಯ ಪಕ್ಕದಲ್ಲಿ, ಬೇರೆಯದೇ ಜಾಗದಲ್ಲಿ ಕೂತಿರುತ್ತವೆ. ಪಿಕ್ ಚಿಪ್‌ಗಳಲ್ಲಿ ಇದಕ್ಕೆ ಕಾನ್ಫಿಗರೇಷನ್ ವರ್ಡ್ ಎನ್ನುತ್ತಾರೆ, ಎವಿಆರ್‌ನಲ್ಲಿ ಫ್ಯೂಸ್ ಬೈಟ್ (ನಮ್ಮ ಎಟಿಮೆಗಾ ಈ ಎವಿಆರ್ ಕುಟುಂಬದ್ದು), ಎಸ್‌ಟಿಎಂ32ರಲ್ಲಿ ಆಪ್ಷನ್ ಬೈಟ್, ಇಎಸ್‌ಪಿ32ರಲ್ಲಿ ಇ-ಫ್ಯೂಸ್. ಫ್ಯೂಸ್ ಎಂಬ ಹೆಸರಿದ್ದರೂ ಎವಿಆರ್‌ನಲ್ಲಿ ಏನೂ ಸುಡುವುದಿಲ್ಲ, ಮತ್ತೆ ಮತ್ತೆ ತಿದ್ದಬಹುದು. ಇಎಸ್‌ಪಿ32ರ ಇ-ಫ್ಯೂಸ್ ಮಾತ್ರ ನಿಜವಾಗಿಯೂ ಒಂದೇ ಸಲದ್ದು. ಈ ವ್ಯತ್ಯಾಸ ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಕಂಪ್ಯೂಟರ್ ಮುಟ್ಟುವ ಮೊದಲು ಬೋರ್ಡನ್ನು ಓದಿ

ಒಂದು ಹಾಳೆ ತೆಗೆದುಕೊಂಡು ಬೋರ್ಡಿನ ಮೇಲಿರುವುದನ್ನು ಬರೆಯಿರಿ. ಗಡಿಯಾರಕ್ಕೆ ತಾಳ ಕೊಡುವ ಕ್ರಿಸ್ಟಲ್ ಇದೆಯೇ, ಇದ್ದರೆ ಅದರ ಡಬ್ಬಿಯ ಮೇಲೆ ಅಚ್ಚಾಗಿರುವ ಸಂಖ್ಯೆ ಏನು? ಚಿಪ್‌ಗೆ 5 ವೋಲ್ಟೋ, 3.3 ವೋಲ್ಟೋ? ರೀಸೆಟ್ ಪಿನ್ ಎಲ್ಲಿಗೆ ಹೋಗಿದೆ? ಪ್ರೋಗ್ರಾಮಿಂಗ್ ಪಿನ್‌ಗಳಲ್ಲಿ ಬೇರೇನಾದರೂ ಕೂತಿದೆಯೇ?

ಸರ್ಕ್ಯೂಟ್ ನಕ್ಷೆ ನೋಡಿ ಬರೆದರೆ ಸಾಲದೇ ಎಂದರೆ, ಸಾಲದು. ನಕ್ಷೆಯಲ್ಲಿ 8 ಮೆಗಾಹರ್ಟ್ಸ್ ಇದ್ದರೂ ಎಸ್‌.ಪಿ. ರಸ್ತೆಗೆ ಹೋದವರಿಗೆ ಅಂದು ಸಿಕ್ಕಿದ್ದು 12 ಆಗಿರಬಹುದು. ಅಲ್ಲಿನ ಅಂಗಡಿಯವರು "ಎರಡೂ ಒಂದೇ ಸರ್, ಹಾಕಿ ನೋಡಿ" ಎಂದು ಕೊಟ್ಟುಬಿಡುತ್ತಾರೆ. ಕಾಲುಗಳ ಅಂತರ ಒಂದೇ ಇರುತ್ತದೆ ಎಂಬುದಂತೂ ನಿಜ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಹೊಸಬರಲ್ಲಿ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಸೋರ್ಸ್ ಕೋಡಿನ ಆರಂಭದಲ್ಲಿ ಗಡಿಯಾರದ ವೇಗವನ್ನು ಹೇಳುವ ಒಂದು ಡಿಫೈನ್ ಸಾಲು ಇರುತ್ತದೆ. ಎವಿಆರ್‌ನಲ್ಲಿ ಅದರ ಹೆಸರು ಎಫ್ ಸಿಪಿಯು, ಪಿಕ್‌ನ ಎಕ್ಸ್‌ಸಿ8 ಕಂಪೈಲರ್‌ನಲ್ಲಿ ಎಕ್ಸ್‌ಟಾಲ್ ಫ್ರೆಕ್. ಇದು ಚಿಪ್‌ಗೆ ಕೊಡುವ ಆಜ್ಞೆಯಲ್ಲ, ಕಂಪೈಲರ್‌ಗೆ ಕೊಡುವ ಮಾಹಿತಿ ಮಾತ್ರ. "ಗಡಿಯಾರ ಇಷ್ಟು ವೇಗದಲ್ಲಿದೆ ಎಂದುಕೊಂಡು ಡಿಲೇ ಲೆಕ್ಕ ಹಾಕು" ಎಂದಷ್ಟೇ ಅದರ ಅರ್ಥ. ನಮ್ಮ ಪಂಪ್ ಬೋರ್ಡಿನ ಸೋರ್ಸ್‌ನಲ್ಲಿ ಆ ಸಾಲು 8 ಮೆಗಾಹರ್ಟ್ಸ್ ಎಂದೇ ಹೇಳುತ್ತಿತ್ತು, ಚಿಪ್ ಮಾತ್ರ ಒಂದರಲ್ಲಿ ಓಡುತ್ತಿತ್ತು. ಇಬ್ಬರಿಗೂ ಪರಸ್ಪರ ಮಾತುಕತೆಯೇ ಇಲ್ಲ.

ಹೆಜ್ಜೆ 2: ಪಿಕ್‌ನಲ್ಲಿ ಸೋರ್ಸ್ ಒಳಗೆ ಬರೆಯುವುದು

ಪಿಕ್‌ನಲ್ಲಿ ಈ ಕೆಲಸ ಸಲೀಸು. ಉದಾಹರಣೆಗೆ ಪಿಕ್16ಎಫ್877ಎ ತೆಗೆದುಕೊಳ್ಳೋಣ. ವಯಸ್ಸಾದ ಚಿಪ್, ಆದರೂ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಇನ್ನೂ ಕಾಣಿಸುತ್ತದೆ. ಅದಕ್ಕಿರುವುದು 14 ಬಿಟ್‌ಗಳ ಒಂದೇ ಕಾನ್ಫಿಗರೇಷನ್ ವರ್ಡ್, ಹೆಕ್ಸ್ (ಹದಿನಾರರ ಆಧಾರದ) ಲೆಕ್ಕದಲ್ಲಿ 2007ನೇ ವಿಳಾಸದಲ್ಲಿ.

ಏನೂ ಬರೆಯದ ಖಾಲಿ ಚಿಪ್‌ನಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುತ್ತವೆ. ಹಾಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದೆ ಅರ್ಧ ದಿನ ಉಳಿಯುತ್ತದೆ. ಆಸಿಲೇಟರ್ ಆಯ್ಕೆಯ ಎರಡೂ ಬಿಟ್ 1 ಎಂದರೆ ಚಿಪ್ ಹೊರಗಿನ ರೆಸಿಸ್ಟರ್-ಕೆಪಾಸಿಟರ್ ಜೋಡಿಯನ್ನು ನಿರೀಕ್ಷಿಸುತ್ತದೆ. ನಿಮ್ಮ 20 ಮೆಗಾಹರ್ಟ್ಸ್ ಕ್ರಿಸ್ಟಲ್ ಅದರ ಪಾಲಿಗೆ ಇದ್ದೂ ಇಲ್ಲದಂತೆ. ಆಸಿಲೇಟರ್ ಸರಿಪಡಿಸಿ ವಾಚ್‌ಡಾಗ್ ಮರೆತರೆ ಇನ್ನೂ ಸ್ವಾರಸ್ಯ: ರೀಸೆಟ್ ಆದಾಗ ಪ್ರಿಸ್ಕೇಲರ್ (ಗಡಿಯಾರದ ವೇಗವನ್ನು ಭಾಗಿಸುವ ಘಟಕ) 128ಕ್ಕೆ ಹೊಂದಿಕೊಂಡು ವಾಚ್‌ಡಾಗ್‌ನ ಪಾಲಿಗೆ ಹೋಗಿರುತ್ತದೆ, ವಾಚ್‌ಡಾಗ್‌ನ ಮೂಲ ಅವಧಿ ಸುಮಾರು 18 ಮಿಲಿಸೆಕೆಂಡು. ಗುಣಿಸಿದರೆ 2.3 ಸೆಕೆಂಡು. ಎಲ್‌ಸಿಡಿಯ ಮೇಲೆ "ನಮಸ್ಕಾರ" ಎಂದು ಬಂದು, ಎರಡು ಸೆಕೆಂಡು ಕಳೆದು, ಮತ್ತೆ "ನಮಸ್ಕಾರ" ಬರುತ್ತಿದ್ದರೆ ಕೋಡಿನಲ್ಲಿ ತಪ್ಪು ಹುಡುಕುವುದನ್ನು ಬಿಟ್ಟು ಕಾನ್ಫಿಗರೇಷನ್ ನೋಡಿ.

ಎಕ್ಸ್‌ಸಿ8ರಲ್ಲಿ ಪ್ರತಿ ಆಯ್ಕೆಗೂ ಒಂದು ಸಾಲು. ಹ್ಯಾಶ್ ಗುರುತು, ಅದಕ್ಕೆ ತಾಗಿ ಪ್ರಾಗ್ಮಾ, ಬಳಿಕ ಕಾನ್ಫಿಗ್ ಎಂಬ ಪದ, ಆಮೇಲೆ ಆಯ್ಕೆಯ ಹೆಸರು, ಸಮಚಿಹ್ನೆ, ಬೆಲೆ. ನಮ್ಮ ಉದಾಹರಣೆಗೆ ಹೀಗೆ ಇಡೋಣ: ಆಸಿಲೇಟರ್ ಎಚ್‌ಎಸ್, ವಾಚ್‌ಡಾಗ್ ಆಫ್, ಪವರ್‌ಅಪ್ ಟೈಮರ್ ಆನ್, ಬ್ರೌನ್‌ಔಟ್ ರೀಸೆಟ್ (ವೋಲ್ಟೇಜ್ ಕುಸಿದಾಗಿನ ರೀಸೆಟ್) ಆನ್, ಕಡಿಮೆ ವೋಲ್ಟೇಜ್ ಪ್ರೋಗ್ರಾಮಿಂಗ್ ಆಫ್, ಡೇಟಾ ಮತ್ತು ಕೋಡ್ ರಕ್ಷಣೆ ಎರಡೂ ಆಫ್, ಫ್ಲ್ಯಾಶ್ ಬರವಣಿಗೆಯ ತಡೆ ಆಫ್. ಹೆಸರುಗಳನ್ನು ನೆನಪಿನಿಂದ ಟೈಪ್ ಮಾಡಬೇಡಿ, ಒಂದು ಚಿಪ್‌ನ ಹೆಸರು ಇನ್ನೊಂದಕ್ಕೆ ಹೊಂದುವುದಿಲ್ಲ. ಪಿಕ್‌ಗೆ ಕೋಡ್ ಬರೆಯುವ ತಂತ್ರಾಂಶವಾದ ಎಂಪಿಲ್ಯಾಬ್ ಎಕ್ಸ್‌ನಲ್ಲಿ ಕಾನ್ಫಿಗರೇಷನ್ ಬಿಟ್ಸ್ ಎಂಬ ಕಿಟಕಿ ಇದೆ. ಅಲ್ಲಿ ಪಟ್ಟಿಯಿಂದ ಆರಿಸಿ, ಸೋರ್ಸ್ ಕೋಡ್ ತಯಾರಿಸುವ ಗುಂಡಿ ಒತ್ತಿದರೆ ಸಾಲುಗಳೆಲ್ಲ ಕೆಳಗಿನ ಔಟ್‌ಪುಟ್ ಭಾಗದಲ್ಲಿ ಮೂಡುತ್ತವೆ. ಅವನ್ನು ನಕಲು ಮಾಡಿ ಒಂದು ಸಿ ಫೈಲಿಗೆ ಅಂಟಿಸಿ. ಗುಂಡಿ ಒತ್ತಿದೊಡನೆ ಕೆಲಸ ಮುಗಿಯಿತೆಂದು ಎದ್ದು ಹೋಗುವವರಿದ್ದಾರೆ. ಅಂಟಿಸದಿದ್ದರೆ ಆ ಸಾಲುಗಳು ಎಲ್ಲಿಗೂ ಹೋಗುವುದಿಲ್ಲ.

ಈ ಸಾಲುಗಳು ಯಾವ ಫಂಕ್ಷನ್ನಿನ ಒಳಗೂ ಬೇಡ. ಹಲವು ಕಡೆ ಸೇರಿಸಿಕೊಳ್ಳುವ ಹೆಡರ್ ಫೈಲಿನಲ್ಲೂ ಬೇಡ. ಯೋಜನೆಗೆ ಒಂದೇ ಫೈಲು, ಅದರಲ್ಲಿ ಒಂದೇ ಸಲ. ಡಿಫಾಲ್ಟ್ ಆಗಿಯೇ ಸರಿ ಇರುವ ಆಯ್ಕೆಗಳನ್ನೂ ಬಿಡದೆ ಬರೆಯಿರಿ. ಆರು ತಿಂಗಳ ನಂತರ ಓದುವವರಿಗೆ "ಇದನ್ನು ಯೋಚಿಸಿ ಆಫ್ ಮಾಡಿದ್ದಾರೆ" ಎಂಬುದು ತಿಳಿಯಬೇಕು.

ಕಡಿಮೆ ವೋಲ್ಟೇಜ್ ಪ್ರೋಗ್ರಾಮಿಂಗ್ ಬಗ್ಗೆ ಒಂದು ಮಾತು. ಅದು ಆನ್ ಇದ್ದರೆ 877ಎ ಚಿಪ್‌ನ ಆರ್‌ಬಿ3 ಪಿನ್ ನಿಮ್ಮದಲ್ಲ, ಪ್ರೋಗ್ರಾಮರ್‌ನದು. ಆ ಪಿನ್ನಿಗೆ ಎಲ್‌ಇಡಿ ಹಾಕಿ, ಉಳಿದ ಏಳೂ ಉರಿಯುತ್ತಿದ್ದು ಇದೊಂದೇ ಉರಿಯದೆ ಸೋಲ್ಡರ್ ಬದಲಿಸಿ, ಎಲ್‌ಇಡಿ ಬದಲಿಸಿ, ಕೊನೆಗೆ ಚಿಪ್ಪನ್ನೇ ಬದಲಿಸಿದವರನ್ನು ಕಂಡಿದ್ದೇನೆ. ಹೊಸ ಚಿಪ್‌ನಲ್ಲೂ ಅದೇ ಬಿಟ್ 1 ಆಗಿಯೇ ಬಂದಿರುತ್ತದೆ! ಇನ್ನೂ ಒಂದು: ಕಡಿಮೆ ವೋಲ್ಟೇಜ್ ವಿಧಾನದಿಂದಲೇ ಪ್ರೋಗ್ರಾಂ ಮಾಡುತ್ತಿದ್ದರೆ ಆ ಬಿಟ್ಟನ್ನು ಆಫ್ ಮಾಡಲು ಚಿಪ್ ಬಿಡುವುದಿಲ್ಲ. ಕೂತ ಕೊಂಬೆಯನ್ನು ಕಡಿಯದಂತೆ ಕಟ್ಟಿದ ವ್ಯವಸ್ಥೆ ಅದು. ಆಫ್ ಮಾಡಲು ಹೆಚ್ಚಿನ ವೋಲ್ಟೇಜಿನ ಪ್ರೋಗ್ರಾಮರ್ ಬೇಕು.

ಹೆಜ್ಜೆ 3: ಹೆಕ್ಸ್ ಫೈಲನ್ನು ಕಣ್ಣಾರೆ ನೋಡಿ

ಮೇಲಿನ ಆಯ್ಕೆಗಳನ್ನು ಬಿಟ್‌ಗಳಾಗಿ ಜೋಡಿಸಿದರೆ ಹೆಕ್ಸ್‌ನಲ್ಲಿ 3ಎಫ್72 ಬರುತ್ತದೆ. ಕಂಪೈಲ್ ಮಾಡಿ, ಬಂದ ಹೆಕ್ಸ್ ಫೈಲನ್ನು (ಚಿಪ್ಪಿಗೆ ಇಳಿಸುವ ಫೈಲು ಇದೇ) ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೊನೆಯ ಭಾಗದಲ್ಲಿ ಚಿಕ್ಕದೊಂದು ಸಾಲು ಇರಬೇಕು. ಕೋಲನ್ ಗುರುತಿನ ನಂತರ ಅದನ್ನು ಬಿಡಿಸಿ ಓದಿದರೆ ಹೀಗೆ: 02, 400ಇ, 00, 72, 3ಎಫ್, ಎಫ್‌ಎಫ್.

ಮೊದಲ 02 ಎಂದರೆ ಎರಡು ಬೈಟ್ ಮಾಹಿತಿ ಇದೆ. 400ಇ ಎಂಬುದು ವಿಳಾಸ. 2007 ಎಲ್ಲಿ ಹೋಯಿತು ಎಂದು ಗಾಬರಿಯಾಗಬೇಡಿ: ಹೆಕ್ಸ್ ಫೈಲು ಬೈಟ್‌ಗಳನ್ನು ಎಣಿಸುತ್ತದೆ, ಚಿಪ್ ವರ್ಡ್‌ಗಳನ್ನು ಎಣಿಸುತ್ತದೆ, ಹಾಗಾಗಿ ವಿಳಾಸ ಇಮ್ಮಡಿ. 00 ಎಂದರೆ ಇದು ಮಾಹಿತಿಯ ಸಾಲು. ಬಳಿಕ 72, 3ಎಫ್: ನಮ್ಮ ಸಂಖ್ಯೆಯೇ, ಕೆಳಗಿನ ಬೈಟ್ ಮೊದಲು. ಕೊನೆಯ ಎಫ್‌ಎಫ್ ತಾಳೆಯ ಬೈಟ್. ಅದಕ್ಕೂ ಮುಂಚಿನ ಬೈಟ್‌ಗಳನ್ನೆಲ್ಲ ಕೂಡಿದರೆ 101 ಬರುತ್ತದೆ, ಅದರ ಕೊನೆಯ ಎರಡು ಅಂಕಿ 01, ಅದಕ್ಕೆ ಎಫ್‌ಎಫ್ ಸೇರಿಸಿದರೆ ಸೊನ್ನೆ. ಒಮ್ಮೆ ಕೈಯಲ್ಲಿ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಈ ಸಾಲು ಫೈಲಿನಲ್ಲಿ ಇದ್ದರೆ ನಿಮ್ಮ ಕಾನ್ಫಿಗರೇಷನ್ ಫೈಲಿನ ಜೊತೆಗೇ ಪ್ರಯಾಣ ಮಾಡುತ್ತದೆ. ಮಿಂಚಂಚೆಯಲ್ಲಿ ಕಳಿಸಿ, ಪೆನ್‌ಡ್ರೈವ್‌ನಲ್ಲಿ ಕೊಡಿ, ಯಾವ ಕಂಪ್ಯೂಟರಿನಿಂದ ಬರೆದರೂ ಅದೇ ಇಳಿಯುತ್ತದೆ.

ಇಲ್ಲದಿದ್ದರೆ? ಆಗ ಪ್ರೋಗ್ರಾಮರ್ ತಂತ್ರಾಂಶದ ಕಿಟಕಿಯಲ್ಲಿ ಏನಿದೆಯೋ ಅದು ಇಳಿಯುತ್ತದೆ. ಪಿಕ್‌ಕಿಟ್ 2ರ ತಂತ್ರಾಂಶ ಫೈಲಿನಲ್ಲಿ ಕಾನ್ಫಿಗರೇಷನ್ ಇಲ್ಲವೆಂದು ಎಚ್ಚರಿಸುತ್ತದೆ, ಆದರೆ ದಿನಕ್ಕೆ ನೂರು ಚಿಪ್ ಬರೆಯುವವರು ಎಚ್ಚರಿಕೆಗಳನ್ನು ಓದುವುದಿಲ್ಲ. ಹಳೆಯ ಎಂಪಿಲ್ಯಾಬ್ 8ರಲ್ಲಿ ಕಾನ್ಫಿಗರೇಷನ್ ಕಿಟಕಿಯ ನೆತ್ತಿಯ ಮೇಲೆ "ಬಿಟ್‌ಗಳನ್ನು ಕೋಡಿನಲ್ಲಿ ಹೊಂದಿಸಲಾಗಿದೆ" ಎಂಬರ್ಥದ ಟಿಕ್ ಚೌಕ ಇರುತ್ತಿತ್ತು. ಅದನ್ನು ತೆಗೆದರೆ ಕಿಟಕಿಯಲ್ಲೇ ತಿದ್ದಬಹುದು. ಹಳೆಯ ಯೋಜನೆಯೊಂದು ನಿಮ್ಮ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಆ ಚೌಕ. ಟಿಕ್ ಇಲ್ಲದಿದ್ದರೆ ನಿಜವಾದ ಕಾನ್ಫಿಗರೇಷನ್ ಸೋರ್ಸ್‌ನಲ್ಲಿಲ್ಲ ಎಂದೇ ತಿಳಿಯಿರಿ. ಸರಿಯಾಗಿ ಓಡುತ್ತಿರುವ ಹಳೆಯ ಬೋರ್ಡೊಂದರಿಂದ ಓದಿ ಸೋರ್ಸ್‌ಗೆ ತನ್ನಿ. ಕೋಡ್ ರಕ್ಷಣೆ ಇದ್ದರೂ ಕಾನ್ಫಿಗರೇಷನ್ ವರ್ಡನ್ನು ಓದಬಹುದು.

ಪಿಕ್12ಎಫ್675ರಂಥ ಪುಟ್ಟ ಚಿಪ್‌ಗಳಲ್ಲಿ ಒಂದು ಅಪವಾದವಿದೆ. ಅದರ ಕಾನ್ಫಿಗರೇಷನ್ ವರ್ಡಿನ ಮೇಲಿನ ಎರಡು ಬಿಟ್, ಜೊತೆಗೆ ಪ್ರೋಗ್ರಾಂ ಮೆಮೊರಿಯ ಕೊನೆಯ ವರ್ಡ್, ಕಾರ್ಖಾನೆಯವರು ಆ ಒಂದೊಂದು ಚಿಪ್ಪನ್ನೂ ಅಳೆದು ಬರೆದ ತಿದ್ದುಪಡಿಗಳು. ಇವು ಸೋರ್ಸ್‌ಗೆ ಸೇರಿದವಲ್ಲ. ಅಳಿಸುವ ಮೊದಲು ಓದಿಟ್ಟು ಮರಳಿ ಬರೆಯುವುದು ಪ್ರೋಗ್ರಾಮರ್‌ನ ಕೆಲಸ.

ಹೆಜ್ಜೆ 4: ಎವಿಆರ್‌ನ ಫ್ಯೂಸ್

ಇಲ್ಲಿ ದಾರಿ ಸ್ವಲ್ಪ ಕಲ್ಲುಮುಳ್ಳು. ಎವಿಆರ್‌ನ ಹೆಕ್ಸ್ ಫೈಲಿನಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಇರುವುದು ಪ್ರೋಗ್ರಾಂ ಮಾತ್ರ. ಪಿಕ್‌ನಿಂದ ಎವಿಆರ್‌ಗೆ ಬಂದವರು "ಹೆಕ್ಸ್ ಕೊಟ್ಟಿದ್ದೇನಲ್ಲ" ಎಂದು ನಿಶ್ಚಿಂತರಾಗಿ ಎಡವುವುದು ಇದೇ ಕಾರಣಕ್ಕೆ. ನಾನೂ ಹಾಗೆಯೇ ಇದ್ದೆ.

ಆದರೆ ಸೋರ್ಸ್‌ನಲ್ಲಿ ಬರೆಯಲು ಅವಕಾಶವಿದೆ. ಎವಿಆರ್‌ನ ಸಿ ಲೈಬ್ರರಿಯಾದ ಎವಿಆರ್ ಲಿಬ್‌ಸಿಯ ಐಒ ಹೆಡರ್ ಸೇರಿಸಿಕೊಂಡರೆ ಫ್ಯೂಸಸ್ ಎಂಬ ಮ್ಯಾಕ್ರೋ ಸಿಗುತ್ತದೆ. ಅದಕ್ಕೆ ಸಮಚಿಹ್ನೆ ಹಾಕಿ, ಪುಷ್ಪಾವರಣದೊಳಗೆ ಲೋ, ಹೈ, ಎಕ್ಸ್‌ಟೆಂಡೆಡ್ ಎಂಬ ಮೂರು ಬೆಲೆ ಕೊಡುತ್ತೀರಿ. ಕಂಪೈಲರ್ ಇವನ್ನು ಇಎಲ್‌ಎಫ್ ಫೈಲಿನೊಳಗೆ ಪ್ರತ್ಯೇಕ ಖಾನೆಯಲ್ಲಿ ಇಡುತ್ತದೆ. ಹೆಕ್ಸ್ ತೆಗೆಯುವಾಗ ಆ ಖಾನೆ ಹೊರಗುಳಿಯುತ್ತದೆ, ಇಎಲ್‌ಎಫ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಕಾರ್ಖಾನೆಗೆ ಕೊಡಬೇಕಾದದ್ದು ಇಎಲ್‌ಎಫ್ ಫೈಲು, ಹೆಕ್ಸ್ ಅಲ್ಲ.

ಬೆಲೆಗಳನ್ನು ಆರಿಸುವುದನ್ನು ನಮ್ಮ ಪಂಪ್ ಬೋರ್ಡಿನಿಂದಲೇ ತೋರಿಸುತ್ತೇನೆ. 328ಪಿ ಕಾರ್ಖಾನೆಯಿಂದ ಬರುವಾಗ ಲೋ ಫ್ಯೂಸ್ ಹೆಕ್ಸ್ 62, ಹೈ ಡಿ9, ಎಕ್ಸ್‌ಟೆಂಡೆಡ್ ಎಫ್‌ಎಫ್. 62ನ್ನು ಬಿಟ್‌ಗಳಾಗಿ ಬರೆದರೆ 0110 0010. ಎಡತುದಿಯ ಆ ಸೊನ್ನೆಯೇ ಎಂಟರಿಂದ ಭಾಗಿಸುವ ಬಿಟ್. ಎವಿಆರ್‌ನಲ್ಲಿ ಸೊನ್ನೆ ಎಂದರೆ "ಹಾಕಿದೆ", ಒಂದು ಎಂದರೆ "ಹಾಕಿಲ್ಲ", ನಮ್ಮ ಸಹಜ ಬುದ್ಧಿಗೆ ಪೂರ್ತಿ ತಲೆಕೆಳಗು. ಅದನ್ನು 1 ಮಾಡಿದರೆ 1110 0010, ಅಂದರೆ ಇ2. ಒಳಗಿನ 8 ಮೆಗಾಹರ್ಟ್ಸ್ ಪೂರ್ತಿ ಸಿಕ್ಕಿತು.

ಹೈ ಫ್ಯೂಸ್‌ನಲ್ಲಿ ನನಗೆ ಬೇಕಾದದ್ದು ಒಂದೇ ಬದಲಾವಣೆ: ಚಿಪ್ ಅಳಿಸಿದಾಗ ಇಇಪ್ರಾಂ (ಕರೆಂಟು ಹೋದರೂ ಮಾಹಿತಿ ಉಳಿಯುವ ಮೆಮೊರಿ) ಉಳಿಯಬೇಕು. ರೈತರು ಹೊಂದಿಸಿಕೊಂಡ ಸಮಯಗಳು ಅಲ್ಲಿವೆ, ಹೊಸ ಆವೃತ್ತಿ ಹಾಕುವಾಗ ಅಳಿಸಿಹೋದರೆ ಬೈಗುಳ ನನಗೆ. ಡಿ9ರಲ್ಲಿ ಆ ಬಿಟ್ಟನ್ನು ಸೊನ್ನೆ ಮಾಡಿದರೆ ಡಿ1. ಸೋರ್ಸ್‌ನಲ್ಲಿ ನೇರ ಸಂಖ್ಯೆಯ ಬದಲು, ಹೈ ಫ್ಯೂಸ್‌ನ ಡಿಫಾಲ್ಟ್ ಹೆಸರನ್ನೂ ಇಇಪ್ರಾಂ ಉಳಿಸುವ ಬಿಟ್‌ನ ಹೆಸರನ್ನೂ ಆಂಪರ್ಸೆಂಡ್ ಚಿಹ್ನೆಯಿಂದ ಜೋಡಿಸಿದರೆ ಓದುವವರಿಗೆ ಉದ್ದೇಶ ತಿಳಿಯುತ್ತದೆ. ಸೊನ್ನೆಯೇ "ಹಾಕಿದೆ" ಆದ್ದರಿಂದ ಇಲ್ಲಿ ಜೋಡಿಸುವುದು ಯಾವಾಗಲೂ ಆಂಪರ್ಸೆಂಡ್. ಅಭ್ಯಾಸಬಲದಿಂದ ನೆಟ್ಟಗಿನ ಗೆರೆ ಹಾಕಿದರೆ ಹಾಕಬೇಕೆಂದಿದ್ದ ಬಿಟ್‌ಗಳೆಲ್ಲ ಮಾಯ.

ಎಕ್ಸ್‌ಟೆಂಡೆಡ್ ಫ್ಯೂಸ್‌ಗೆ ಸ್ವಲ್ಪ ಹೊತ್ತು ಕೊಡಬೇಕು, ನಮ್ಮ ಕಡೆಯ ಕರೆಂಟಿಗೂ ಇದಕ್ಕೂ ನೇರ ಸಂಬಂಧವಿದೆ. ಇದು ಬ್ರೌನ್‌ಔಟ್ ಮಟ್ಟವನ್ನು ಹೇಳುತ್ತದೆ. ಎಫ್‌ಎಫ್ ಎಂದರೆ ಬ್ರೌನ್‌ಔಟ್ ಕಾವಲೇ ಇಲ್ಲ. ಎಫ್‌ಇ ಎಂದರೆ 1.8 ವೋಲ್ಟ್, ಎಫ್‌ಡಿ ಎಂದರೆ 2.7, ಎಫ್‌ಸಿ ಎಂದರೆ 4.3. ಐದು ಅಶ್ವಶಕ್ತಿಯ ಮೋಟಾರು ಎದ್ದಾಗ ಹಳ್ಳಿಯ ಲೈನಿನಲ್ಲಿ ಬಲ್ಬುಗಳು ಮಂಕಾಗುವುದನ್ನು ನೋಡಿದ್ದೀರಲ್ಲ, ಅದೇ ಹೊತ್ತಿನಲ್ಲಿ ನಮ್ಮ ಬೋರ್ಡಿನ ವೋಲ್ಟೇಜೂ ಇಳಿಯುತ್ತದೆ. ಕಾವಲಿಲ್ಲದ ಚಿಪ್ ಅರೆಜೀವದಲ್ಲಿ ಏನನ್ನೋ ಓಡಿಸುತ್ತಾ ಇಇಪ್ರಾಂನ ಮೇಲೆ ಗೀಚಿಬಿಡಬಹುದು. ಈ ಚಿಪ್ 2.7 ವೋಲ್ಟ್‌ನಲ್ಲಿ 10 ಮೆಗಾಹರ್ಟ್ಸ್‌ವರೆಗೆ, 4.5 ವೋಲ್ಟ್‌ನಲ್ಲಿ 20ರವರೆಗೆ ಓಡಲು ಖಾತರಿ ಇದೆ, ನಡುವೆ ನೇರ ಗೆರೆ. ನಮ್ಮದು 8, ಆದ್ದರಿಂದ 2.7ರ ಮಟ್ಟ ಸಾಕು: ಎಫ್‌ಡಿ. 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಕನಿಷ್ಠ ಸುಮಾರು 3.8 ವೋಲ್ಟ್ ಬೇಕು, ಆಗ ಎಫ್‌ಸಿ ಸರಿ. ಆರ್ಡುಯಿನೊ ಉನೊ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತಾ 2.7ರ ಮಟ್ಟವನ್ನೇ ಇಟ್ಟುಕೊಂಡಿದೆ. ಮೇಜಿನ ಮೇಲೆ ಅದು ನಡೆಯುತ್ತದೆ, ಪಂಪ್‌ಹೌಸಿನಲ್ಲಿ ಆ ಸಂಖ್ಯೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ.

ಇ2, ಡಿ1, ಎಫ್‌ಡಿ. ಸೋರ್ಸ್‌ನಲ್ಲಿ ಮೂರು ಸಾಲು, ಪ್ರತಿ ಸಾಲಿನ ಪಕ್ಕದಲ್ಲಿ ಏಕೆ ಎಂಬ ಟಿಪ್ಪಣಿ.

ಇನ್ನು ಬರೆಯುವುದು. ಎವಿಆರ್‌ಗೆ ಬರೆಯುವ ತಂತ್ರಾಂಶವಾದ ಎವಿಆರ್‌ಡ್ಯೂಡ್ ಇಎಲ್‌ಎಫ್ ಫೈಲಿನಿಂದ ಫ್ಯೂಸ್‌ಗಳನ್ನು ನೇರ ಓದಬಲ್ಲದು. ಫ್ಲ್ಯಾಶ್ ಒಂದು, ಫ್ಯೂಸ್ ಮೂರು, ನಾಲ್ಕಕ್ಕೂ ನಾಲ್ಕು ಆಯ್ಕೆಗಳನ್ನು ಒಂದೇ ಆದೇಶದಲ್ಲಿ ಕೊಟ್ಟು, ಆ ಆದೇಶವನ್ನು ಸ್ಕ್ರಿಪ್ಟ್ ಮಾಡಿ ಸೋರ್ಸ್ ಜೊತೆಗೇ ಇಡಿ. ಮೈಕ್ರೋಚಿಪ್ ಸ್ಟುಡಿಯೋ ಬಳಸುವವರಿಗೆ ಅದೇ ಇಎಲ್‌ಎಫ್ ಪ್ರೊಡಕ್ಷನ್ ಫೈಲ್ ಆಗಿ ಕೆಲಸ ಮಾಡುತ್ತದೆ. ಆರ್ಡುಯಿನೊ ಪರಿಸರದಲ್ಲಿ ನಡೆಯುವವರು ಒಂದು ತಿಳಿದಿರಬೇಕು: ಸಾಮಾನ್ಯ ಅಪ್‌ಲೋಡ್ ಫ್ಯೂಸ್‌ಗಳನ್ನು ಮುಟ್ಟುವುದಿಲ್ಲ. ಬೂಟ್‌ಲೋಡರ್ ಬರೆಯುವ ಆದೇಶ ಮಾತ್ರ ಮುಟ್ಟುತ್ತದೆ, ಬೆಲೆಗಳನ್ನು ಅದು ಬೋರ್ಡ್ಸ್ ಎಂಬ ಪಠ್ಯ ಫೈಲಿನಿಂದ ತೆಗೆದುಕೊಳ್ಳುತ್ತದೆ.

ವೇಗದ ಗೊಂದಲವೂ ಒಂದಿದೆ. ಹೊಸ ಚಿಪ್ 1 ಮೆಗಾಹರ್ಟ್ಸ್‌ನಲ್ಲಿದ್ದಾಗ ಪ್ರೋಗ್ರಾಮರ್‌ನ ಗಡಿಯಾರ ಅದರ ಕಾಲುಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಚಿಪ್ ಉತ್ತರಿಸುವುದಿಲ್ಲ, ನೀವು ಅದನ್ನು ಸತ್ತಿದೆ ಎಂದುಕೊಳ್ಳುತ್ತೀರಿ. ಎವಿಆರ್‌ಡ್ಯೂಡ್‌ನಲ್ಲಿ ದೊಡ್ಡಕ್ಷರ ಬಿ ಆಯ್ಕೆಗೆ 10 ಕೊಟ್ಟು ನಿಧಾನ ಮಾಡಿ.

ಒಂದು ಬದಿದಾರಿ

ಭಾಗಿಸುವ ಫ್ಯೂಸ್ ಹೊಂದಿಸುವುದು ಪ್ರಿಸ್ಕೇಲರ್‌ನ ಆರಂಭದ ಬೆಲೆಯನ್ನು ಮಾತ್ರ. ಪ್ರೋಗ್ರಾಂ ಶುರುವಾದ ಮೇಲೆ ಅದೇ ರಿಜಿಸ್ಟರನ್ನು ಕೋಡಿನಿಂದ ಬದಲಿಸಬಹುದು. ಎವಿಆರ್ ಲಿಬ್‌ಸಿಯ ಪವರ್ ಹೆಡರಿನಲ್ಲಿ ಅದಕ್ಕೆಂದೇ ಫಂಕ್ಷನ್ ಇದೆ, ಮೇನ್‌ನ ಮೊದಲ ಸಾಲಿನಲ್ಲಿ ಕರೆದರೆ ಮುಗಿಯಿತು. ಈಗ ನಮ್ಮ ಬೋರ್ಡಿನಲ್ಲಿ ಫ್ಯೂಸ್ ಸಾಲೂ ಇದೆ, ಈ ಸಾಲೂ ಇದೆ. ಫ್ಯೂಸ್ ಮರೆತರೂ ಮೋಟಾರು ಮೂವತ್ತು ಸೆಕೆಂಡಿಗೆ ನಿಲ್ಲುತ್ತದೆ. ಬ್ರೌನ್‌ಔಟ್ ಮಟ್ಟಕ್ಕಾಗಲಿ ಇಇಪ್ರಾಂ ಉಳಿಸುವುದಕ್ಕಾಗಲಿ ಇಂಥ ಬದಿದಾರಿ ಇಲ್ಲ, ಅಲ್ಲಿ ಫ್ಯೂಸೇ ಗತಿ. ಹೊಸ ಟೈನಿಎವಿಆರ್‌ಗಳಲ್ಲಿ ಪ್ರಿಸ್ಕೇಲರ್ ಫ್ಯೂಸ್‌ನಿಂದ ಪೂರ್ತಿ ಹೊರಬಂದು ರಿಜಿಸ್ಟರ್‌ಗೆ ಸೇರಿದೆ: ಒಳಗಿನ 20 ಮೆಗಾಹರ್ಟ್ಸ್ ಆರರಿಂದ ಭಾಗವಾಗಿ 3.33ರಲ್ಲಿ ಏಳುತ್ತದೆ, ಮುಂದಿನದು ನಿಮ್ಮ ಕೋಡಿನ ಪಾಡು.

ಹೆಜ್ಜೆ 5: ಸೋರ್ಸ್‌ನಲ್ಲಿ ಇಡಬಾರದವು

ಚಿಪ್ಪಿನಿಂದ ಕೋಡನ್ನು ಬೇರೆಯವರು ಓದದಂತೆ ತಡೆಯುವ ಬೀಗದ ಬಿಟ್‌ಗಳು ಮೊದಲನೆಯವು. ಪ್ರಯೋಗದ ಹಂತದಲ್ಲೇ ಸೋರ್ಸ್‌ಗೆ ಕೋಡ್ ರಕ್ಷಣೆ ಸೇರಿಸಿದರೆ ಪ್ರತಿ ಸಲ ಓದಿ ಹೋಲಿಸುವಾಗಲೂ ತಪ್ಪು ತೋರಿಸುತ್ತದೆ. ಅದಕ್ಕೆ ಕಾರ್ಖಾನೆಯ ಸ್ಕ್ರಿಪ್ಟಿನಲ್ಲಿ ಬೇರೆಯೇ ಕೊನೆಯ ಹಂತ ಇರಲಿ. ಎವಿಆರ್‌ನಲ್ಲಿ ಕ್ರಮವೂ ಮುಖ್ಯ: ಫ್ಯೂಸ್ ಮೊದಲು, ಬೀಗ ಆಮೇಲೆ. ಬೀಗ ಬಿದ್ದ ನಂತರ ಫ್ಯೂಸ್ ತಿದ್ದಲಾಗದು, ಪೂರ್ತಿ ಅಳಿಸಿ ಬೀಗ ತೆಗೆಯಬೇಕು. ಅಳಿಸಿದಾಗ ಬೀಗ ಹೋಗುತ್ತದೆ, ಫ್ಯೂಸ್‌ಗಳು ಇದ್ದ ಹಾಗೇ ಇರುತ್ತವೆ.

ರೀಸೆಟ್ ಪಿನ್ನನ್ನು ಸಾಧಾರಣ ಪಿನ್ ಮಾಡುವ ಎವಿಆರ್ ಬಿಟ್ ಎರಡನೆಯದು. ಒಂದು ಪಿನ್ ಉಳಿಸುವ ಆಸೆಗೆ ಅದನ್ನು ಹಾಕಿದರೆ ಸಾಮಾನ್ಯ ಪ್ರೋಗ್ರಾಮರ್‌ಗೆ ಬಾಗಿಲು ಮುಚ್ಚಿತು. ತೆರೆಯಲು 12 ವೋಲ್ಟ್‌ನ ಬೇರೆ ಪ್ರೋಗ್ರಾಮರ್ ಬೇಕು.

ಎಸ್‌ಟಿಎಂ32ರಲ್ಲಿ ಓದುವ ರಕ್ಷಣೆಗೆ ಮಟ್ಟಗಳಿವೆ. ಒಂದನೇ ಮಟ್ಟದಿಂದ ಸೊನ್ನೆಗೆ ಇಳಿಸಿದರೆ ಫ್ಲ್ಯಾಶ್ ಪೂರ್ತಿ ಅಳಿಸಿಹೋಗುತ್ತದೆ. ಎಫ್4ರಂಥ ಸರಣಿಗಳಲ್ಲಿ ಎರಡನೇ ಮಟ್ಟವೂ ಇದೆ, ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಇಎಸ್‌ಪಿ32ರ ಇ-ಫ್ಯೂಸ್‌ಗಳ ಕತೆಯೂ ಅದೇ: ಜಿಪಿಐಒ12 ಪಿನ್ನಿನ ವೋಲ್ಟೇಜ್ ಮೇಲಿದ್ದಾಗ ಫ್ಲ್ಯಾಶ್‌ಗೆ 1.8 ವೋಲ್ಟ್ ಹೋಗಿ ಚಿಪ್ ಏಳದಿರುವ ತೊಂದರೆಗೆ ವೋಲ್ಟೇಜನ್ನು 3.3ಕ್ಕೆ ಶಾಶ್ವತವಾಗಿ ಸುಡುವ ಆದೇಶವಿದೆ, ಉಪಯುಕ್ತವೂ ಹೌದು, ಆದರೆ ಅದು ಚಪ್ಪಡಿಕಲ್ಲಿನ ಮೇಲಿನ ಬರಹ. ಇಂಥವನ್ನು ತಾನಾಗಿ ಓಡುವ ಯಾವ ಬಿಲ್ಡ್‌ನಲ್ಲೂ ಸೇರಿಸಬೇಡಿ. ಇಬ್ಬರು ನೋಡಿ, ಕೈಯಾರೆ ಆದೇಶ ಟೈಪ್ ಮಾಡಿ.

ಹೆಜ್ಜೆ 6: ಮರಳಿ ಓದಿ

ಬರೆದಾದ ಮೇಲೆ ಕಿಟಕಿಯ ಸರದಿ. ಪ್ರೋಗ್ರಾಮರ್ ತಂತ್ರಾಂಶದಲ್ಲಿ ಚಿಪ್ಪನ್ನು ಓದಿಸಿ, ಬಂದ ಸಂಖ್ಯೆಯನ್ನು ಸೋರ್ಸ್‌ನ ಸಂಖ್ಯೆಗೆ ಹೋಲಿಸಿ. ಬೇರೆಯಾಗಿದ್ದರೆ ಕಿಟಕಿಯಲ್ಲಿ ತಿದ್ದಬೇಡಿ, ಸೋರ್ಸ್ ತಿದ್ದಿ ಮತ್ತೆ ಬರೆಯಿರಿ. ಕಿಟಕಿಯಲ್ಲಿ ತಿದ್ದಿದ ಕ್ಷಣದಿಂದ ಆ ಬೋರ್ಡು ಅನಾಥ, ಅದರ ಹುಟ್ಟು ಯಾವ ಫೈಲಿನಲ್ಲೂ ದಾಖಲಾಗಿರುವುದಿಲ್ಲ.

ಹೋಲಿಸುವಾಗ ಒಂದು ಹುಸಿ ಗಾಬರಿಗೆ ಸಿದ್ಧರಿರಿ. 328ಪಿಯ ಎಕ್ಸ್‌ಟೆಂಡೆಡ್ ಫ್ಯೂಸ್‌ನಲ್ಲಿ ಬಳಕೆಯಲ್ಲಿರುವುದು ಕೆಳಗಿನ ಮೂರೇ ಬಿಟ್. ಉಳಿದವನ್ನು ಒಂದು ತಂತ್ರಾಂಶ ಸೊನ್ನೆ ಎಂದು ತೋರಿಸಿದರೆ ಇನ್ನೊಂದು ಒಂದು ಎನ್ನುತ್ತದೆ. ಹಾಗಾಗಿ 05 ಮತ್ತು ಎಫ್‌ಡಿ ಎರಡೂ ಒಂದೇ.

ಚಿಪ್ ಉತ್ತರವೇ ಕೊಡದಿದ್ದರೆ

ಎವಿಆರ್‌ನಲ್ಲಿ ಕ್ರಿಸ್ಟಲ್ ಇಲ್ಲದ ಬೋರ್ಡಿಗೆ ಹೊರಗಿನ ಕ್ರಿಸ್ಟಲ್ ಎಂದು ಫ್ಯೂಸ್ ಬರೆದರೆ ಚಿಪ್ ಮೌನವಾಗುತ್ತದೆ. ಗಡಿಯಾರವಿಲ್ಲದೆ ಪ್ರೋಗ್ರಾಮರ್‌ಗೂ ಉತ್ತರಿಸಲಾರದು. ಕಸದ ಬುಟ್ಟಿಗೆ ಹಾಕಬೇಡಿ. ಇನ್ನೊಂದು ಆರ್ಡುಯಿನೊದಿಂದ 1 ಮೆಗಾಹರ್ಟ್ಸ್‌ನ ಚೌಕ ತರಂಗ ಹೊರಡಿಸಿ, ಚಿಪ್‌ನ ಎಕ್ಸ್‌ಟಾಲ್1 ಪಿನ್ನಿಗೆ (28 ಕಾಲಿನ ಡಿಪ್‌ನಲ್ಲಿ 9ನೇ ಕಾಲು) ಕೊಡಿ, ನೆಲವನ್ನು ನೆಲಕ್ಕೆ ಸೇರಿಸಿ, ಪ್ರೋಗ್ರಾಮರ್ ವೇಗ ತಗ್ಗಿಸಿ ಫ್ಯೂಸ್ ಮತ್ತೆ ಬರೆಯಿರಿ. ಸತ್ತಿದೆ ಎಂದು ನಮ್ಮ ಶೆಡ್ಡಿನಲ್ಲಿ ಡಬ್ಬಿಗೆ ಹಾಕಿಟ್ಟಿದ್ದ ಹನ್ನೊಂದು ಚಿಪ್‌ಗಳಲ್ಲಿ ಒಂಬತ್ತು ಹೀಗೆ ಎದ್ದು ಕೂತವು.

ಚಿಪ್ ಓಡುತ್ತಿದೆ, ಆದರೆ ವೇಗ ಅನುಮಾನ ಎನ್ನುವಾಗ ಸೀರಿಯಲ್ ಪೋರ್ಟ್ ನೋಡಿ. 9600ಕ್ಕೆ ಬರೆದ ಕೋಡು ಎಂಟು ಪಟ್ಟು ನಿಧಾನವಾದರೆ ಅದು ಕರಾರುವಾಕ್ಕಾಗಿ 1200. ಟರ್ಮಿನಲ್ಲನ್ನು 1200ಕ್ಕೆ ತಂದಾಗ ಕಸದ ಬದಲು ಅಚ್ಚುಕಟ್ಟಾದ ಅಕ್ಷರಗಳು ಬಂದರೆ ಭಾಗಿಸುವ ಫ್ಯೂಸ್ ಸಿಕ್ಕಿಬಿತ್ತು. ದೇವನಹಳ್ಳಿಯಿಂದ ಬಂದ ಮೊದಲ ಬೋರ್ಡನ್ನು ನಾನು ಹಿಡಿದದ್ದೂ ಹೀಗೆಯೇ.

ಆಗ ನಮ್ಮ ಪರೀಕ್ಷಾ ಮೇಜಿನಲ್ಲಿ ನೋಡುತ್ತಿದ್ದದ್ದು ಎರಡೇ: ರಿಲೇ ಟಕ್ ಎನ್ನುತ್ತದೆಯೇ, ಎಲ್‌ಇಡಿ ಉರಿಯುತ್ತದೆಯೇ. ಎಂಟು ಪಟ್ಟು ನಿಧಾನವಾದ ಬೋರ್ಡೂ ಎರಡರಲ್ಲೂ ಪಾಸಾಗುತ್ತದೆ. ಈಗ ಮೂರನೆಯದೊಂದು ಸೇರಿದೆ. ಪರೀಕ್ಷೆಯ ಜಂಪರ್ ಹಾಕಿದರೆ ಬೋರ್ಡು ಹತ್ತು ಸೆಕೆಂಡು ಎಲ್‌ಇಡಿ ಉರಿಸಿ ಆರಿಸುತ್ತದೆ, ಮೇಜಿನ ಹುಡುಗಿ ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡಿ ಚೀಟಿ ಅಂಟಿಸುತ್ತಾಳೆ. ಕಳೆದ ತಿಂಗಳು ಒಂದು ಬೋರ್ಡನ್ನು ಅವಳು ಪಕ್ಕಕ್ಕಿಟ್ಟಳು. "ಸರ್, ಇದು ಎಂಟಕ್ಕೇ ಆರಿತು." ನೋಡಿದರೆ ಫ್ಯೂಸ್ ಸರಿ ಇತ್ತು, ಆ ಗಡಿಯಾರದ ಸೆಲ್ ಮುಗಿಯುತ್ತಾ ಬಂದು ಮುಳ್ಳು ತಡವರಿಸುತ್ತಿತ್ತು. ಹೊಸ ಸೆಲ್ ಹಾಕಿದೆವು.